ಬಾಡಿಗೆಯ ಲೆಕ್ಕ, ಭಾಗ 4: ಮುಂಬೈಯ ಪಗಡಿ ಮನೆಗಳು

ಗಿರ್ಗಾಂವ್ ಕಡೆ ಹೋದ್ರೆ ಮರದ ಮೆಟ್ಟಿಲಿನ, ಉದ್ದ ವರಾಂಡದ ಹಳೇ ಚಾಳುಗಳು ಇವತ್ತಿಗೂ ಕಾಣಿಸ್ತವೆ. ಕೆಲವಕ್ಕೆ ಬೀಳದೇ ಇರಲಿ ಅಂತ ಹೊರಗಿಂದ ಕಂಬ ಕೊಟ್ಟಿರ್ತಾರೆ. ಒಳಗೆ ಸಂಸಾರಗಳು ಇವೆ. ಅಷ್ಟು ಬೆಲೆಬಾಳುವ ಜಾಗದಲ್ಲಿ ಮಾಲೀಕ ಯಾಕೆ ರಿಪೇರಿ ಮಾಡಿಸಲ್ಲ? ಜಿಪುಣತನ ಅಂತ ಸುಲಭವಾಗಿ ಹೇಳಿಬಿಡಬಹುದು. ಆದ್ರೆ ಲೆಕ್ಕ ಬೇರೇನೇ ಇದೆ.

ಎರಡನೇ ಮಹಾಯುದ್ಧದ ಕಾಲಕ್ಕೆ ಮುಂಬೈಗೆ ಜನ ನುಗ್ಗಿದ್ರು, ಬೆಲೆ ಏರಿತು. ಸ್ವಾತಂತ್ರ್ಯದ ವರ್ಷ, ಅಂದ್ರೆ 1947ರಲ್ಲಿ ಬಂದ ಬಾಂಬೆ ಬಾಡಿಗೆ ಕಾಯ್ದೆ, ಹಳೇ ಮನೆಗಳ ಬಾಡಿಗೆಯನ್ನ 1940ರ ಸೆಪ್ಟೆಂಬರ್ 1ರ ದರಕ್ಕೆ ಕಟ್ಟಿಹಾಕಿತು. ನನ್ನ ಪ್ರಕಾರ ಆಗ ಅದು ಬೇಕೇ ಬೇಕಿತ್ತು. ಇಲ್ಲದಿದ್ರೆ ಮಿಲ್ ಕೆಲಸದವರು ಬೀದಿಗೆ ಬೀಳ್ತಿದ್ರು. ಆದ್ರೆ ಕೆಲವೇ ವರ್ಷಕ್ಕೆ ಅಂತ ಬಂದ ಕಾಯ್ದೆಯ ಅವಧಿ ಮತ್ತೆ ಮತ್ತೆ ವಿಸ್ತರಣೆ ಆಗಿ ಅರ್ಧ ಶತಮಾನ ಉಳೀತು.

ಈಗ ಒಂದು ಊಹೆಯ ಲೆಕ್ಕ (ಅಂಕಿ ನನ್ನದು, ಸುಲಭ ಆಗ್ಲಿ ಅಂತ). 1940ರಲ್ಲಿ ಒಂದು ಖೋಲಿಗೆ ₹1,000 ಖರ್ಚು, ಬಾಡಿಗೆ ತಿಂಗಳಿಗೆ ₹6. ವರ್ಷಕ್ಕೆ ₹72, ಅಂದ್ರೆ ಹಾಕಿದ ದುಡ್ಡಿನ ಮೇಲೆ ಶೇ. 7.2. ಐವತ್ತು ವರ್ಷ ಆದ್ಮೇಲೂ ಅದೇ ₹72. ಹಾಕಿದ ದುಡ್ಡಿಗೆ ನೋಡಿದ್ರೆ ಈಗಲೂ ಶೇ. 7.2! ಅದೇ ಖೋಲಿಯ ಬೆಲೆ ₹10 ಲಕ್ಷ ಆಗಿದ್ರೆ, ಇವತ್ತಿನ ಬೆಲೆಗೆ ಶೇ. 0.0072. ಇವೆರಡೂ ಖರ್ಚು ಕಳೆಯದ ಲೆಕ್ಕ. ತೆರಿಗೆ ಕಟ್ಟಿ, ಗಾರೆ ಕೆಲಸದವರನ್ನ ಒಂದೆರಡು ದಿನ ಕರೆಸಿದ್ರೆ ₹72 ಖಾಲಿ. ಆಮೇಲೆ ಬರೀ ನಷ್ಟ. ರಿಪೇರಿ ಮಾಡಿಸ್ಬೇಕಾ ಬೇಡ್ವಾ ಅಂತ ಮಾಲೀಕ ಯೋಚಿಸೋದು ಈ ಮೂರನೇ ಲೆಕ್ಕದಲ್ಲೇ.

ಹಾಗಂತ ಮಾಲೀಕನ ಮೇಲೆ ಪೂರ್ತಿ ಕನಿಕರ ಬೇಡ. ಆ ₹10 ಲಕ್ಷ ಖಾಲಿ ಖೋಲಿಯ ಬೆಲೆ, ಆದ್ರೆ ಖೋಲಿ ಖಾಲಿ ಇಲ್ಲವಲ್ಲ! ಇರೋರನ್ನ ಕಾಯ್ದೆ ಪ್ರಕಾರ ಸುಲಭವಾಗಿ ಎಬ್ಬಿಸೋಕಾಗಲ್ಲ. ಹಾಗಾಗಿ ಬೆಲೆಯ ದೊಡ್ಡ ಪಾಲು ಬಾಡಿಗೆದಾರನ ಕೈಗೆ ಜಾರಿತು, ಅದನ್ನ ಮಾರೋ ದಾರಿಯೇ ಪಗಡಿ. ಹೊಸಬ ಒಳಗೆ ಬರೋಕೆ ದೊಡ್ಡ ಗಂಟು ಕೊಡ್ತಾನೆ; ಬಿಟ್ಟುಹೋಗೋನಿಗೆ ಬಹುಪಾಲು, ಮಾಲೀಕನಿಗೆ ಸಾಮಾನ್ಯವಾಗಿ ಮೂರನೇ ಒಂದರ ಆಸುಪಾಸು. ಅಂಗಡಿ, ಹೋಟೆಲ್ ಜಾಗಕ್ಕೂ ಇದೇ. ನಮ್ಮ ಕರಾವಳಿಯಿಂದ ಮುಂಬೈಗೆ ಹೋದ ಹೋಟೆಲಿನವರಿಗೆ ಈ ಪದ ಚೆನ್ನಾಗಿ ಗೊತ್ತು. 1947ರ ಕಾಯ್ದೆಯಲ್ಲಿ ಹೀಗೆ ಗಂಟು ತಗೊಳ್ಳೋದು ಅಪರಾಧ. ಆದ್ದರಿಂದ ರಸೀದಿಯಲ್ಲಿ ಕಾಣೋ ಆದಾಯವೇ ಬೇರೆ, ಕೈಗೆ ಬಂದದ್ದೇ ಬೇರೆ. ಮತ್ತೆ ಪಗಡಿ ಕೊಟ್ಟು ಬಂದವನಿಗೆ ಆ ಬಾಡಿಗೆ ಪುಕ್ಕಟೆ ಅಲ್ಲ. ಮುಂಗಡವಾಗಿ ಕೊಂಡ ಹಕ್ಕು.

ಹೀಗೆ ಇಬ್ಬರಿಗೂ ಕಟ್ಟಡದಲ್ಲಿ ಪಾಲು, ಛಾವಣಿ ಮಾತ್ರ ಯಾರದ್ದೂ ಅಲ್ಲ. ಕಟ್ಟಡಗಳು ಕುಸಿಯೋಕೆ ಶುರುವಾದಾಗ 1969ರಲ್ಲಿ ಸರ್ಕಾರವೇ ರಿಪೇರಿ ಮಂಡಳಿಗೆ ಕಾನೂನು ತಂದು, ಅದಕ್ಕಾಗಿ ಸೆಸ್ ಹಾಕ್ತು. 1997ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಬಾಡಿಗೆಯನ್ನ 1940ಕ್ಕೇ ನಿಲ್ಲಿಸಿರೋದು ಈಗ ನ್ಯಾಯಸಮ್ಮತ ಅಲ್ಲ ಅಂತು. ಆದ್ರೂ ಕಾಯ್ದೆಯನ್ನ ರದ್ದು ಮಾಡ್ಲಿಲ್ಲ. ಅವಧಿ ಮುಗಿಯೋಕೆ ಕೆಲವೇ ತಿಂಗಳಿತ್ತು.

ಆಮೇಲೆ ಬಂದದ್ದು ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999. ಪಗಡಿ ಕಾನೂನುಬದ್ಧ ಆಯ್ತು. ಹಳೇ ಬಾಡಿಗೆಗೆ ಒಂದು ಸಲ ಶೇ. 5, ಆಮೇಲೆ ವರ್ಷಕ್ಕೆ ಶೇ. 4 ಏರಿಸಬಹುದು ಅಂತ ಬಂತು. ನಮ್ಮ ₹72ಕ್ಕೆ ಶೇ. 5 ಸೇರಿಸಿ ನೋಡಿ: ₹75.60.