ಮುಳ್ಳುಗಿಡದಿಂದ ಎದ್ದ ಆನೆಗಳು

ಕರಕುಶಲದ ಇತಿಹಾಸ ಅಂದ್ರೆ ನಾವು ಕಲ್ಲು, ಕಂಚು, ರೇಷ್ಮೆ ಕಡೆ ನೋಡ್ತೇವೆ. ನಮ್ಮ ಗೂಡಲೂರು, ಮಸಿನಗುಡಿ ಸೀಮೆಯಲ್ಲಿ ಅಂಥದೊಂದು ಇತಿಹಾಸ ಮುಳ್ಳುಗಿಡದಲ್ಲಿದೆ ಅಂತ ನನ್ನ ಅನಿಸಿಕೆ.

ತಮಿಳಿನಲ್ಲಿ ಉಣ್ಣಿಚೆಡಿ ಅನ್ನೋ ಲಾಂಟಾನ ಈ ನೆಲದ ಗಿಡವಲ್ಲ. ಅಮೆರಿಕ ಖಂಡದ ಈ ಗಿಡವನ್ನು 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಹೂವಿನ ಅಂದಕ್ಕೆಂದು ಕಲ್ಕತ್ತೆಯ ತೋಟಕ್ಕೆ ತಂದರು. ಹಕ್ಕಿಗಳು ಹಣ್ಣು ತಿಂದು ಬೀಜ ಹರಡಿದವು. ಈಗ ಮುದುಮಲೆಯಲ್ಲಿ ಹುಲ್ಲು ಇರಬೇಕಾದ ಎಷ್ಟೋ ಜಾಗದಲ್ಲಿ ಇದೇ ಪೊದೆ. ಆನೆ, ಜಿಂಕೆಗಳ ಮೇವು ಅಷ್ಟು ಕಡಿಮೆ ಆಯ್ತು.

ಇಲ್ಲಿನ ಬೆಟ್ಟ ಕುರುಂಬ, ಪಣಿಯ, ಕಾಟ್ಟುನಾಯಕ ಜನರಿಗೆ ಕಾಡಿನ ಕಡ್ಡಿ, ಬಳ್ಳಿ, ಬಿದಿರಿನ ಗುಣ ಮೊದಲಿಂದ ಗೊತ್ತು. ಯಾವುದು ಬಗ್ಗುತ್ತೆ, ಯಾವುದು ಸೀಳುತ್ತೆ ಅಂತ ಅವರ ಬೆರಳೇ ಹೇಳುತ್ತೆ. 'ದಿ ರಿಯಲ್ ಎಲಿಫೆಂಟ್ ಕಲೆಕ್ಟಿವ್' ಅನ್ನೋ ಸಂಸ್ಥೆಯಲ್ಲಿ ಆ ಅರಿವು ಹೊಸ ವಿನ್ಯಾಸದ ಜೊತೆ ಸೇರಿತು. ನಮ್ಮ ಕಾಡಂಚಿನಲ್ಲಿ ಓಡಾಡೋ ನಿಜವಾದ ಆನೆಗಳ ಫೋಟೊ ನೋಡಿ ಆಳೆತ್ತರ ಮೀರಿದ ನಕ್ಷೆ ಬರೀತಾರೆ. ಅದರಂತೆ ಕಬ್ಬಿಣದ ಸರಳು ಬಗ್ಗಿಸಿ, ಬೆಸೆದು ಚೌಕಟ್ಟು ಮಾಡ್ತಾರೆ. ಲಾಂಟಾನ ಕೋಲುಗಳನ್ನು ನೀರಲ್ಲಿ ಕುದಿಸಿ, ಸಿಪ್ಪೆ ಸುಲಿದು, ಮೆತ್ತಗಿರುವಾಗಲೇ ಚೌಕಟ್ಟಿಗೆ ಸುತ್ತಿ ಬಿಗೀತಾರೆ. ಆಕಾರ ಕಬ್ಬಿಣದ್ದು, ಚರ್ಮ ಕೈಯದ್ದು.

ಈ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತವು, 2024ರಲ್ಲಿ ನ್ಯೂಯಾರ್ಕ್ ಬೀದಿಗೆ ಹೋದವು. ಮಾರಿ ಬಂದ ಹಣ ಮನುಷ್ಯರೂ ಕಾಡುಪ್ರಾಣಿಗಳೂ ಜೊತೆಗೆ ಬಾಳುವ ಕೆಲಸಗಳಿಗೆ ಸಲ್ಲುತ್ತೆ. ಇತ್ತ ಮಲೆ ಮಹದೇಶ್ವರ ಬೆಟ್ಟದಲ್ಲೂ ಸೋಲಿಗರು ಇದೇ ಗಿಡದಿಂದ ಕುರ್ಚಿ, ಬುಟ್ಟಿ ಮಾಡ್ತಿದ್ದಾರೆ.

ಇದರಿಂದ ಕಾಡು ಪೂರ್ತಿ ಉಳೀತು ಅನ್ನೋಕಾಗಲ್ಲ. ಕಡಿದರೆ ಲಾಂಟಾನ ಬುಡದಿಂದ ಮತ್ತೆ ಚಿಗುರುತ್ತೆ. ಬೇರುಸಹಿತ ಕಿತ್ತು, ಆ ಜಾಗದಲ್ಲಿ ಹುಲ್ಲು, ಮರ ಬರೋತನಕ ಕಾಯಬೇಕು. ಆದರೂ ಒಂದು ಮಾತು ನಿಜ. ಕಸುಬು ಉಳಿಯೋಕೆ ಹಳೇ ವಸ್ತುವೇ ಬೇಕು ಅಂತಿಲ್ಲ. ಗಿಡ ಹೊರಗಿನದು, ಬೆಸುಗೆ ಹೊಸದು. ಆದರೆ ಕೋಲು ಬಗ್ಗಿಸೋ ಅರಿವು ಇಲ್ಲಿಯದು.

ಆ ಅರಿವಿಗೆ ದಿನಗೂಲಿಯ ಬೆಲೆ ಮಾತ್ರ ಕಟ್ಟಿದರೆ ಮುಂದಿನ ತಲೆಮಾರು ಅದನ್ನು ಯಾಕೆ ಕಲಿಯಬೇಕು? ಮೇಷ್ಟ್ರುಗಳು ಶಾಲೇಲಿ ಆನೆಯ ಪಾಠ ಮಾಡುವಾಗ, ಅದನ್ನು ಕಟ್ಟಿದ ಕೈಗಳ ವಿಷಯಾನೂ ಹೇಳಲಿ. ಆ ಕೈಯವರ ಮಕ್ಕಳು ಅದೇ ತರಗತಿಯಲ್ಲಿ ಕೂತಿರ್ತಾರೆ.