ಮುಂಡರಗಿಯೂ ಬೆಟಗೇರಿಯೂ ಒಂದೇ ಆಗುವ ಬಗೆ: ನೆಟ್‌ಹ್ಯಾಕ್ ಆಟದಲ್ಲಿ ಕನ್ನಡ ಹೆಸರುಗಳು

1. ವ್ಯಾಪ್ತಿ

ನೆಟ್‌ಹ್ಯಾಕ್ 1987ರಲ್ಲಿ ಹೊರಬಂದ ಪಾತ್ರಧಾರಿ ಆಟ, ರೋಗ್ (ಸು. 1980) ಆಟದ ವಂಶದ್ದು. ಸೋರ್ಸ್ ಕೋಡ್ ಮುಕ್ತವಾಗಿರುವುದರಿಂದ ಡಾಸ್, ಲಿನಕ್ಸ್, ವಿಂಡೋಸ್, ಮ್ಯಾಕ್ ಎಲ್ಲದರಲ್ಲೂ ಓಡುತ್ತದೆ. ಕ್ರಾಸ್-ಪ್ಲಾಟ್‌ಫಾರ್ಮ್ ಎನ್ನಲು ಓಡಿದರೆ ಸಾಕೇ, ನಿಲ್ಲಿಸಿದ ಆಟ ಬೇರೆ ಯಂತ್ರದಲ್ಲಿ ಮುಂದುವರಿಯಬೇಕೇ ಎಂಬುದು ಬೇರೆ ಪ್ರಶ್ನೆ. ಇಲ್ಲಿ ನೋಡಿರುವುದು ಅದರ ಒಂದು ಎಳೆ ಮಾತ್ರ: ಪಾತ್ರದ ಹೆಸರು ಕನ್ನಡದಲ್ಲಿದ್ದರೆ ಏನಾದೀತು? ಆಧಾರ, 3.6 ಸರಣಿಯ (2015ರಿಂದ) ಯುನಿಕ್ಸ್ ರೂಪದ ಟರ್ಮಿನಲ್ ಕೋಡ್. ಕೆಳಗಿನದು ಕೋಡ್ ಓದಿ ಹಾಕಿದ ಲೆಕ್ಕವೇ ಹೊರತು ಆಡಿ ಕಂಡದ್ದಲ್ಲ.

2. ಮೊದಲ ಪ್ರಶ್ನೆ

ಹೆಸರು ಮೊದಲೇ ಗೊತ್ತಿಲ್ಲದಿದ್ದರೆ ಆಟ 'ನೀನು ಯಾರು?' ಎಂಬರ್ಥದ ಪ್ರಶ್ನೆ ಹಾಕುತ್ತದೆ. ಉತ್ತರ ಒಂದೊಂದೇ ಬೈಟಿನಂತೆ ಒಳಗೆ ಹೋಗುತ್ತದೆ. ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಒಂದೆರಡು ಚಿಹ್ನೆ ಬಿಟ್ಟು ಉಳಿದ ಪ್ರತಿ ಬೈಟೂ '_' (ಅಡಿಗೆರೆ) ಆಗುತ್ತದೆ. ಹೆಸರಿನ ಜಾಗ 32 ಬೈಟ್. ಕೊನೆಯದು ಮುಕ್ತಾಯಕ್ಕೆ ಮೀಸಲು, ಬಳಕೆಗೆ 31.

3. ಎಣಿಕೆ

ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. ಸ್ವರಚಿಹ್ನೆ, ಅನುಸ್ವಾರ, ಒತ್ತಿನ ಹಿಂದೆ ಅಡಗಿದ ಹಲಂತ ಚಿಹ್ನೆ (ವಿರಾಮ) ಎಲ್ಲವೂ ಪ್ರತ್ಯೇಕ ಸಂಕೇತಗಳೇ. ಪಾತ್ರಗಳಿಗೆ ಊರ ಹೆಸರುಗಳನ್ನೇ ಇಟ್ಟು ನೋಡೋಣ. ಈ ಟಿಪ್ಪಣಿ ಬರೆದ ಊರು ಬಿಂಕದಕಟ್ಟಿ. ಅದನ್ನೇ ಬಿಡಿಸಿದರೆ ಬ, ಇತ್ವ, ಅನುಸ್ವಾರ, ಕ, ದ, ಕ, ಟ, ವಿರಾಮ, ಟ, ಇತ್ವ: ಓದುವಾಗ 5 ಅಕ್ಷರ, ಒಳಗೆ 10 ಸಂಕೇತ, 30 ಬೈಟ್. ಒಂದು ಬೈಟ್ ಉಳಿಸಿಕೊಂಡು ಹಿಡಿಸುತ್ತದೆ. ಲಕ್ಷ್ಮೇಶ್ವರ ಓದಿಗೆ 4 ಅಕ್ಷರವೇ ಆದರೂ 11 ಸಂಕೇತ, 33 ಬೈಟ್, ಹಿಡಿಸದು. ಅದರ ಹಳೆಯ ಹೆಸರು ಪುಲಿಗೆರೆ 24 ಬೈಟಿಗೆ ಮುಗಿಯುತ್ತದೆ, ಆದರೆ ಶಿರಹಟ್ಟಿಯೂ 24, ಸೋಸಿದ ಮೇಲೆ ಎರಡೂ ಅಷ್ಟೇ ಅಡಿಗೆರೆಗಳ ಸಾಲು. ಮುಂಡರಗಿ 21, ಬೆಟಗೇರಿ 21.

ಸೇವ್ ಫೈಲಿನ ಹೆಸರಿನಲ್ಲಿ ಬಳಕೆದಾರ ಸಂಖ್ಯೆಯ ನಂತರ ಪಾತ್ರದ ಹೆಸರು ಸೇರುತ್ತದೆ. ಹಾಗಾಗಿ ಒಬ್ಬನೇ ಬಳಕೆದಾರ ಮುಂಡರಗಿ ಎಂಬ ಪಾತ್ರವನ್ನು ಅರ್ಧಕ್ಕೆ ನಿಲ್ಲಿಸಿ ಬೆಟಗೇರಿ ಎಂದು ಹೊಸದಾಗಿ ಹೊರಟರೆ, ಎರಡೂ 21 ಅಡಿಗೆರೆಗಳೇ ಆದ್ದರಿಂದ, ಹಳೆಯ ಆಟವೇ ತೆರೆದುಕೊಳ್ಳಬೇಕು.

4. ಇನ್ನೊಂದು ದಾರಿ

ಸಂರಚನಾ ಫೈಲಿನಲ್ಲಿ ಹೆಸರು ಬರೆದಿಟ್ಟರೆ ಮೇಲಿನ ಸೋಸುವಿಕೆ ನಡೆಯುವುದಿಲ್ಲ. 31 ಬೈಟಿನ ಮಿತಿ ಮಾತ್ರ ಉಳಿಯುತ್ತದೆ. ಲಕ್ಷ್ಮೇಶ್ವರದ ಕೊನೆಯ 'ರ'ದಲ್ಲಿ ಮೂರರಲ್ಲೊಂದು ಬೈಟ್ ಒಳಗೆ, ಎರಡು ಹೊರಗೆ.

ಬೆಟಗೇರಿಗೆ ಇಲ್ಲಿ ಬೇರೆ ತೊಡಕು. ದೀರ್ಘ ಏತ್ವವನ್ನು ಒಂದೇ ಸಂಕೇತವಾಗಿಯೂ, ಹ್ರಸ್ವ ಎತ್ವ ಮತ್ತು ದೀರ್ಘಚಿಹ್ನೆ ಎಂದು ಎರಡಾಗಿಯೂ ಬರೆಯಲು ಯುನಿಕೋಡ್ ಒಪ್ಪುತ್ತದೆ. ಮ್ಯಾಕ್‌ನ ಎಚ್‌ಎಫ್‌ಎಸ್ ಪ್ಲಸ್ (1998) ಫೈಲ್ ವ್ಯವಸ್ಥೆ ಫೈಲಿನ ಹೆಸರನ್ನು ಬಿಡಿಸಿಟ್ಟುಕೊಳ್ಳುತ್ತದೆ: 21 ಬೈಟ್ 24 ಆಗುತ್ತದೆ. ಆ ಸೇವ್ ಫೈಲನ್ನು ಅದೇ ಹೆಸರಿನಲ್ಲಿ ಲಿನಕ್ಸ್‌ಗೆ ಒಯ್ದರೆ ಆಟ 21 ಬೈಟಿನದನ್ನು ಹುಡುಕುತ್ತದೆ, ಇರುವುದು 24ರದ್ದು. ಕಣ್ಣಿಗೆ ಎರಡೂ ಒಂದೇ. ಮ್ಯಾಕ್‌ನ ಹೊಸ ಫೈಲ್ ವ್ಯವಸ್ಥೆ, 2017ರ ಎಪಿಎಫ್‌ಎಸ್ ಕೊಟ್ಟದ್ದನ್ನು ಕೊಟ್ಟಂತೆ ಇಡುತ್ತದೆ. ಬಿಂಕದಕಟ್ಟಿಯಲ್ಲಿ ದೀರ್ಘ ಸ್ವರವೇ ಇಲ್ಲದ್ದರಿಂದ ಅದಕ್ಕೆ ಈ ತೊಂದರೆ ತಾಗದು. ಬಳಕೆದಾರ ಸಂಖ್ಯೆಯೂ ಯಂತ್ರದಿಂದ ಯಂತ್ರಕ್ಕೆ ಬೇರೆಯಾಗುವುದುಂಟು. ದೋಷವನ್ನೆಲ್ಲ ಲಿಪಿಯ ಮೇಲೆ ಹೊರಿಸುವುದು ಸರಿಯಲ್ಲ.

5. ಕಾಲದ ಮಾತು

ಯುನಿಕೋಡಿನ ಮೊದಲ ಆವೃತ್ತಿ 1991ರದು, ಯುಟಿಎಫ್-8 ರೂಪುಗೊಂಡದ್ದು 1992ರಲ್ಲಿ. ಎರಡೂ ಆಟಕ್ಕಿಂತ ಕಿರಿಯವು. 1987ರ ಆಟದಲ್ಲಿ ಕನ್ನಡಕ್ಕೆ ಎಡೆ ಇಲ್ಲದ್ದು ಸಹಜ. 2015ರ ಸರಣಿಗೂ ಅದೇ ರಿಯಾಯಿತಿ ಕೊಡಬಹುದೇ ಎಂಬುದು ಚರ್ಚಾರ್ಹ.

ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಬೈಟಿನ ತಂಟೆ ತಪ್ಪುತ್ತದೆ. ಆದರೆ ಲಕ್ಷ್ಮೇಶ್ವರಕ್ಕೆ ಅಲ್ಲಿ 'ಕೆ-ಎಸ್-ಎಚ್' ಬಳಸಿದ 12 ಅಕ್ಷರದ ರೂಪವೂ ಇದೆ, 'ಎಕ್ಸ್' ಬಳಸಿದ 10 ಅಕ್ಷರದ ರೂಪವೂ ಇದೆ. ಆಟದ ಮಟ್ಟಿಗೆ ಅವು ಎರಡು ಪಾತ್ರ, ಎರಡು ಸೇವ್ ಫೈಲು.