ವಿಲಾಯತಿ ಹತ್ತಿ, ಜವಾರಿ ಹಟ

ಕಳೆದ ದೀಪಾವಳಿಗೆ ಸಂಶಿಗೆ ಹೋದಾಗ ಅಣ್ಣನಿಗೆ ನಾನೊಂದು ಉಪದೇಶ ಮಾಡಿದೆ. ಸಾಲುಗಳನ್ನು ಹತ್ತಿರ ಹಿಡಿದು ಒತ್ತಾಗಿ ಹತ್ತಿ ಬಿತ್ತುವ ಹೊಸ ಪದ್ಧತಿಯ ವಿಷಯ ಓದಿದ್ದೆ. ಅದನ್ನೇಕೆ ಮಾಡಬಾರದು ಎಂದೆ. ಅವನು ಎಲೆಯಡಿಕೆ ಮಡಿಸುತ್ತ, "ತಮ್ಮಾ, ಮಳಿ ಕೈಕೊಟ್ರ ನಿನ್ನ ಪಗಾರ ನಿಲ್ಲೂದಿಲ್ಲ. ನನ್ನ ವರ್ಷ ಹೋಗತೈತಿ" ಎಂದ. ಹಟಮಾರಿ ಎಂದುಕೊಂಡು ಸುಮ್ಮನಾದೆ. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ನಮ್ಮ ಜಿಲ್ಲೆಯಲ್ಲಿ ಇದೇ ಮಾತು ನೂರೆಂಬತ್ತು ವರ್ಷಗಳ ಹಿಂದೆಯೂ ನಡೆದಿತ್ತೆಂಬುದು ನೆನಪಾಯಿತು.

ಆಗ ಲಂಕಾಶೈರಿನ ಗಿರಣಿಗಳು ಅಮೆರಿಕದ ಹತ್ತಿಯನ್ನೇ ನೆಚ್ಚಿಕೊಂಡಿದ್ದವು. ಆ ಹಂಗು ತಪ್ಪಿಸಬೇಕೆಂದು ಈಸ್ಟ್ ಇಂಡಿಯಾ ಕಂಪನಿ 1840ರಲ್ಲಿ ಅಮೆರಿಕದಿಂದ ಹತ್ತಿ ಬೆಳೆಗಾರರನ್ನು ಕರೆಸಿತು. ಧಾರವಾಡದ ಕಲೆಕ್ಟರ್ ಶಾ ಸಾಹೇಬರ ಆಸಕ್ತಿಯಿಂದ ನ್ಯೂ ಆರ್ಲಿಯನ್ಸ್ ಬೀಜ ನಮ್ಮ ಎರೆನೆಲಕ್ಕೆ ಬಂತು. ಹುಬ್ಬಳ್ಳಿಯ ಮಗ್ಗುಲಿನ ಕುಸುಗಲ್ಲಿನಲ್ಲಿ ಪ್ರಯೋಗದ ಹೊಲವೊಂದನ್ನು ಹಾಕಿದರು. ಜನ ಅದನ್ನು 'ವಿಲಾಯತಿ ಹತ್ತಿ' ಎಂದು ಕರೆದರು; ತಮ್ಮದು 'ಜವಾರಿ'. ಜವಾರಿ ಹತ್ತಿ ಕುಮಟೆಯ ಬಂದರದಿಂದ ಸಾಗುತ್ತಿದ್ದುದರಿಂದ ಪೇಟೆಯಲ್ಲಿ ಅದರ ಹೆಸರೂ 'ಕುಮಟಾ' ಎಂದೇ ಆಗಿತ್ತು.

ರೈತರು ಕೂಡಲೇ ಒಪ್ಪಲಿಲ್ಲ. ಅದಕ್ಕೆ ಕಾರಣಗಳಿದ್ದವು. ಜವಾರಿ ಹತ್ತಿಯನ್ನು ಬಿಡಿಸುವ ಸಾಧನ ಊರಲ್ಲೇ ಇತ್ತು. ಚಪ್ಪಟೆ ಕಲ್ಲಿನ ಮೇಲೆ ಹತ್ತಿ ಹರಡಿ, ಕಬ್ಬಿಣದ ಸಲಾಕೆಯನ್ನು ಕಾಲಿನಿಂದ ಉರುಳಿಸಿ, ಹೆಂಗಸರು ಅರಳೆಯನ್ನೂ ಕಾಳನ್ನೂ ಬೇರ್ಪಡಿಸುತ್ತಿದ್ದರು. ವಿಲಾಯತಿಯ ಅರಳೆಯೋ ಕಾಳಿಗೆ ಗಟ್ಟಿಯಾಗಿ ಅಂಟಿದ್ದು, ಸಲಾಕೆಗೆ ಜಗ್ಗುವಂಥದಲ್ಲ. ಅದಕ್ಕೆ ಗರಗಸದ ಹಲ್ಲುಗಳುಳ್ಳ ಯಂತ್ರವೇ ಬೇಕು. ಅದೇ ಯಂತ್ರಕ್ಕೆ ಜವಾರಿ ಹತ್ತಿ ಹಾಕಿದರೆ ಗಿಡ್ಡ ಎಳೆ ಕತ್ತರಿಸಿಹೋಗುತ್ತಿತ್ತು. ಹೀಗೆ ಬೀಜ ಬದಲಿಸುವುದೆಂದರೆ ಯಂತ್ರ, ಕೂಲಿ, ಪೇಟೆ ಎಲ್ಲವನ್ನೂ ಬದಲಿಸುವುದಾಯಿತು. ಗಿರಾಕಿಯ ಭರವಸೆಯಿಲ್ಲದ ಮಾಲಿಗೆ ಅಡತಿಯವನು ಕೈಹಾಕುವನೇ?

ಇಲ್ಲಿ ಅತ್ಯಂತ ಸ್ವಾರಸ್ಯದ ಸಂಗತಿಯೆಂದರೆ, ಆ ರೈತರ ಪರವಾಗಿ ಮಾತಾಡಿದವನು ಅವರಿಗೆ ಪಾಠ ಹೇಳಲು ಬಂದ ಅಮೆರಿಕದವನೇ. ಮರ್ಸರ್ ಎಂಬ ಆ ಬೆಳೆಗಾರ ಕೆಲವೇ ವರ್ಷಗಳಲ್ಲಿ, ಈ ಪ್ರಯೋಗದ ಹೊಲಗಳು ಸರಕಾರಕ್ಕೆ ದಂಡದ ಖರ್ಚು, ತನ್ನ ಹವೆ ಮತ್ತು ನೆಲ ಬಲ್ಲ ಇಲ್ಲಿಯ ರೈತ ಯೂರೋಪಿಯನ್ನನಿಗಿಂತ ಚೆನ್ನಾಗಿ, ಕಡಿಮೆ ಖರ್ಚಿನಲ್ಲಿ ಬೆಳೆಯಬಲ್ಲ ಎಂದು ಸರಕಾರಕ್ಕೆ ತಿಳಿಸಿದ. ಕಲಿಸಲು ಬಂದು ಕಲಿತು ಹೋದ ಇಂಥ ಗುರುಗಳು ವಿರಳ.

ಆದರೂ ವಿಲಾಯತಿ ಹತ್ತಿ ಧಾರವಾಡದಲ್ಲಿ ಬೇರೂರಿತು. ಹೇಗೆ? ಗರಗಸದ ಯಂತ್ರಗಳನ್ನು ತಯಾರಿಸುವ, ದುರಸ್ತಿ ಮಾಡುವ ಕಾರ್ಖಾನೆ ಧಾರವಾಡದಲ್ಲೇ ನಿಂತಿತು. ಮುರಿದ ಹಲ್ಲಿಗಾಗಿ ಸಮುದ್ರದ ದಾರಿ ಕಾಯುವುದು ತಪ್ಪಿತು. ಮಾಲಿಗೆ ಬೆಲೆ ಕಂಡಿತು. ಉಪದೇಶಕ್ಕೆ ಜಗ್ಗದವರು ಬೆಲೆ ಕಂಡು ತಾವೇ ಬಿತ್ತಿದರು.

1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ಬೆಲೆ ಗಗನಕ್ಕೇರಿದಾಗ ಕಥೆ ಬದಲಾಯಿತು. ಎರಡೂ ಹತ್ತಿ ಬೆರೆತವು. ಅಂಡಿಗೆಗಳಲ್ಲಿ ಕಸ, ಕಾಳು ತುಂಬಿದವು. ಮುಂಬಯಿ ಸರಕಾರ 1863ರಲ್ಲಿ ಹತ್ತಿಯ ಮೋಸ ತಡೆಯಲು ಕಾಯದೆ ಮಾಡಿತು. 1865ರಲ್ಲಿ ಯುದ್ಧ ಮುಗಿಯುತ್ತಲೇ ಬೆಲೆ ಕುಸಿಯಿತು. ಆ ಕುಸಿತದಲ್ಲಿ ಮುಂಬಯಿಯ ದೊಡ್ಡ ಸಾಹುಕಾರರೇ ದಿವಾಳಿಯೆದ್ದರು. ಸಾಲ ಮಾಡಿ ಬಿತ್ತಿದ ರೈತನ ಪಾಡೇನು!

ಮುಂದೆ 1972ರಲ್ಲಿ ಧಾರವಾಡದ ವಿಜ್ಞಾನಿಗಳೇ 'ವರಲಕ್ಷ್ಮಿ' ಸಂಕರ ಹತ್ತಿ ತಂದರು. 2002ರಲ್ಲಿ ಬಿಟಿ ಬಂತು. ಎಳೆ ಉದ್ದವಾಯಿತು, ಕಾಯಿಕೊರಕದ ಕಾಟ ಕೆಲಕಾಲ ತಗ್ಗಿತು. ಆದರೆ ಮನೆಯ ಬೀಜ ಹೋಗಿ ವರ್ಷಕ್ಕೊಮ್ಮೆ ಕೊಳ್ಳುವ ಬೀಜ ಬಂತು. ಒಂದು ಕೈ ಕೊಟ್ಟುದನ್ನು ಇನ್ನೊಂದು ಕೈ ಎಣಿಸುತ್ತಲೇ ಇದೆ.

ಹೊಸದು ಬೇಡವೆನ್ನುವವನು ಅನೇಕ ವೇಳೆ ಕೇಳುತ್ತಿರುವ ಪ್ರಶ್ನೆ ಒಂದೇ: ಕೆಟ್ಟರೆ ಹಾನಿ ಯಾರದು? ಅದಕ್ಕೆ ಉತ್ತರ ಕೊಡದೆ ಅವನನ್ನು ಹಟಮಾರಿ ಎನ್ನುವುದು ಸುಲಭ.

ಈ ಸಲ ಮುಂಗಾರಿಗೆ ಮುನ್ನ ಅಣ್ಣನಿಗೆ ಫೋನು ಮಾಡಿ, "ಒಂದೆಕರೆ ಬಿತ್ತಿ ನೋಡು, ಹಾನಿಯಾದರೆ ನನ್ನದು" ಎಂದೆ. ಅವನು ನಕ್ಕು, "ಈಗ ನೀ ಒಕ್ಕಲಿಗನಂಗ ಮಾತಾಡಿದಿ ನೋಡು" ಎಂದ. ಮೂಲೆಯ ಒಂದೆಕರೆ ಬಿತ್ತಿದ್ದಾನೆ.